ಉದುರುವ ಕೂದಲಿನ ಲೆಕ್ಕ

ತಲೆ ಬಾಚಿಕೊಂಡ ಮೇಲೆ ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆಮಾಡಿ, ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರು ಬಿಡದ ಹೆಂಗಸು ನಮ್ಮ ಮನೆಗಳಲ್ಲಿ ವಿರಳ. ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲವಾದರೂ, ಕನ್ನಡಿಯ ಮುಂದೆ ನಿಂತು ಹಣೆಯ ಅಂಚು ಎಷ್ಟು ಹಿಂದಕ್ಕೆ ಸರಿಯಿತೆಂದು ಅಳೆಯುವುದರಲ್ಲಿ ಅವರೂ ಹಿಂದೆ ಬಿದ್ದವರಲ್ಲ. "ಕೂದಲಿದ್ದವಳು ಹೇಗೆ ಕಟ್ಟಿದರೂ ಚೆಂದ" ಎಂಬ ಗಾದೆಯನ್ನು ಕೇಳುತ್ತ ಬೆಳೆದ ನಮಗೆ ಕೂದಲುದುರುವುದೆಂದರೆ ಅಂದಕ್ಕೆ ಕುಂದು ಬಂದಿತೆಂಬ ಚಿಂತೆ ಮಾತ್ರವಲ್ಲ, ದೇಹದ ಸತ್ತ್ವವೇ ಸೋರಿಹೋಗುತ್ತಿದೆಯೋ ಎಂಬ ಭೀತಿ. ಈ ಭೀತಿಯಿಂದ ಹಣ ವ್ಯಯವಾಗುವುದು ಒಂದು ನಷ್ಟ. ನಿಜವಾಗಿ ನೋಡಬೇಕಾದುದನ್ನು ನೋಡದೆ ಬಿಡುವುದು ಅದಕ್ಕಿಂತ ದೊಡ್ಡ ನಷ್ಟ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಾಳೆ. ಮಗುವಿಗೆ ಮೂರು ತಿಂಗಳು ತುಂಬಿದೆ. ಒಂದು ದಿನ ತಲೆಗೆ ನೀರೆರೆದುಕೊಂಡವಳು ಬಚ್ಚಲಿನಿಂದ ಕೈತುಂಬ ಕೂದಲನ್ನು ಹಿಡಿದು ಬಂದು, "ಅಮ್ಮ, ಇದನ್ನು ನೋಡು. ಹೀಗೇ ಆದರೆ ಮಗುವಿನ ಹುಟ್ಟುಹಬ್ಬದ ಹೊತ್ತಿಗೆ ನನ್ನ ತಲೆ ಬೋಳಾಗುತ್ತದೆ" ಎಂದು ಕಣ್ಣೀರು ತುಂಬಿಕೊಳ್ಳುತ್ತಾಳೆ. ತಾಯಿಯು ಎಣ್ಣೆ ಬದಲಾಯಿಸೋಣವೆನ್ನುತ್ತಾಳೆ. ನೆರೆಮನೆಯಾಕೆ, "ಹಾಲೂಡಿಸುವುದರಿಂದಲೇ ಹೀಗಾಗುವುದು, ಸತ್ತ್ವವೆಲ್ಲ ಮಗುವಿಗೆ ಹೋಗುತ್ತದೆ. ಡಬ್ಬಿಯ ಹಾಲು ಹಾಕಿಬಿಡಿ" ಎಂದು ಸಲಹೆ ಕೊಡುತ್ತಾಳೆ. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ ಮೊಮ್ಮಗಳನ್ನು ಹತ್ತಿರ ಕರೆದು, "ಮಗು ನಿನ್ನ ಮುಖ ನೋಡಿ ನಗುವುದಕ್ಕೆ ಕಲಿಯಿತಲ್ಲ, ಇನ್ನು ಉದುರುವುದೇ ಕಣೇ. ನನಗೂ ಉದುರಿತ್ತು, ನಿಮ್ಮಮ್ಮನಿಗೂ ಉದುರಿತ್ತು. ಆಮೇಲೆ ಬಂತು" ಎನ್ನುತ್ತಾಳೆ.

ಈ ಮೂವರಲ್ಲಿ ಸತ್ಯಕ್ಕೆ ಸಮೀಪವಾದ ಮಾತನ್ನಾಡಿದವಳು ಅಜ್ಜಿಯೇ. ಮಗುವಿನ ನಗೆಗೂ ತಾಯಿಯ ಕೂದಲಿಗೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ತಿಂಗಳ ಲೆಕ್ಕ ಸರಿಯಾಗಿದೆ. ಅದು ಹೇಗೆ ಸರಿಯೆಂಬುದನ್ನು ತಿಳಿಯಬೇಕಾದರೆ ಕೂದಲು ಬೆಳೆಯುವ ಮತ್ತು ಉದುರುವ ಕ್ರಮವನ್ನು ಸ್ವಲ್ಪ ವಿಚಾರಿಸಬೇಕು.

ಕೂದಲಿನ ಮೂರು ಅವಸ್ಥೆಗಳು

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಚರ್ಮದೊಳಗಿನ ಒಂದು ಸಣ್ಣ ರೋಮಕೂಪದಿಂದ ಹುಟ್ಟುವುದು. ಈ ರೋಮಕೂಪವು ಒಂದೇ ಸಮನೆ ದುಡಿಯುವ ಯಂತ್ರವಲ್ಲ. ಬೆಳೆ ಬೆಳೆದು ಬೀಡುಬಿಡುವ ಹೊಲದಂತೆ ಅದಕ್ಕೂ ದುಡಿಮೆಯ ಕಾಲ, ವಿಶ್ರಾಂತಿಯ ಕಾಲಗಳುಂಟು. ಬೆಳವಣಿಗೆಯ ಕಾಲವು ಎರಡರಿಂದ ಆರು ವರ್ಷಗಳು. ಆಗ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಅನಂತರ ಎರಡು ಮೂರು ವಾರಗಳಲ್ಲಿ ಬೇರಿನ ಭಾಗವು ಕುಗ್ಗಿ ಬೆಳವಣಿಗೆಯು ನಿಲ್ಲುವುದು. ಆಮೇಲೆ ಬರುವುದೇ ವಿಶ್ರಾಂತಿಯ ಕಾಲ. ಇದು ಸುಮಾರು ಮೂರು ತಿಂಗಳು. ಈ ಅವಧಿಯಲ್ಲಿ ಕೂದಲು ಬೆಳೆಯುವುದೂ ಇಲ್ಲ, ಒಡನೆ ಉದುರುವುದೂ ಇಲ್ಲ. ಹಣ್ಣಾದ ಎಲೆ ತೊಟ್ಟಿಗೆ ಅಂಟಿಕೊಂಡಿರುವಂತೆ ಸುಮ್ಮನೆ ನಿಂತಿರುವುದು. ಕೊನೆಗೆ ಅದೇ ಕೂಪದಲ್ಲಿ ಹೊಸ ಕೂದಲು ಚಿಗುರುವ ಹೊತ್ತಿಗೆ ಹಳೆಯದು ಕಳಚಿ ಬೀಳುವುದು.

ಆರೋಗ್ಯವಂತರ ತಲೆಯಲ್ಲಿ ನೂರಕ್ಕೆ ಹತ್ತರಷ್ಟು ಕೂದಲು ಯಾವಾಗಲೂ ವಿಶ್ರಾಂತಿಯಲ್ಲಿರುತ್ತದೆಯೆಂದು ಇಟ್ಟುಕೊಳ್ಳೋಣ. ಲಕ್ಷದಲ್ಲಿ ಹತ್ತು ಸಾವಿರ. ಈ ಹತ್ತು ಸಾವಿರವೂ ಸುಮಾರು ನೂರು ದಿನಗಳಲ್ಲಿ ಉದುರಿ ಹೋಗಬೇಕಷ್ಟೆ. ಎಂದರೆ ದಿನಕ್ಕೆ ನೂರು ಕೂದಲು ಹೋದರೆ ಲೆಕ್ಕ ಸರಿಹೋಯಿತು. ವೈದ್ಯರು ದಿನಕ್ಕೆ ೫೦ ರಿಂದ ೧೦೦ ಕೂದಲು ಉದುರುವುದು ಸಹಜವೆಂದು ಹೇಳುವುದರ ಅರ್ಥವಿದು. ವಾರಕ್ಕೊಮ್ಮೆ ತಲೆಗೆ ನೀರೆರೆದುಕೊಳ್ಳುವವರಲ್ಲಿ ನಡುವಿನ ದಿನಗಳ ಕೂದಲು ಜಡೆಯೊಳಗೇ ಸಿಕ್ಕಿಕೊಂಡಿದ್ದು, ಅಭ್ಯಂಜನದ ದಿನ ಒಮ್ಮೆಗೇ ಬಚ್ಚಲಿನಲ್ಲಿ ಕಾಣಿಸಿಕೊಳ್ಳುವುದು. ಅಂದು ಕಂಡ ಉಂಡೆಯು ಒಂದು ದಿನದ್ದಲ್ಲ, ಇಡೀ ವಾರದ್ದು. ಕೂದಲು ಉದ್ದವಾಗಿದ್ದಷ್ಟೂ ಉಂಡೆ ದೊಡ್ಡದು. ಮೊಣಕಾಲುದ್ದದ ಜಡೆಯವಳ ಐವತ್ತು ಕೂದಲು, ಕತ್ತರಿಸಿಕೊಂಡವಳ ಇನ್ನೂರು ಕೂದಲಿಗಿಂತ ಹೆಚ್ಚಾಗಿ ಕಾಣುವುದು.

ಉದುರಿದ ಕೂದಲಿನ ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಗಂಟೊಂದನ್ನು ಕಂಡು "ಬೇರುಸಹಿತ ಕಿತ್ತುಬಂದಿತು" ಎಂದು ಗಾಬರಿಗೊಳ್ಳುವವರು ಬಹಳ ಮಂದಿ. ಅದು ಬೇರಲ್ಲ. ಹಣ್ಣೆಲೆಯ ತೊಟ್ಟಿನಂತೆ, ಅವಧಿ ಮುಗಿಸಿ ಕಳಚಿದ ಕೂದಲಿನ ಬುಡ ಅದು. ಚಿಗುರಿಸುವ ಬೇರು ಚರ್ಮದೊಳಗೆ ಭದ್ರವಾಗಿಯೇ ಇರುತ್ತದೆ. ಆದುದರಿಂದ ಬಿಳಿಯ ಗಂಟು ಕಂಡರೆ ಹೆದರಬೇಕಾದುದಿಲ್ಲ. ಗಂಟಿಲ್ಲದೆ ತುಂಡುತುಂಡಾದ ಕೂದಲು ಕಂಡರೆ, ಅದು ಉದುರಿದುದಲ್ಲ, ಮುರಿದುದು. ಒದ್ದೆ ಕೂದಲನ್ನು ಒರಟಾಗಿ ಬಾಚುವುದು, ಬಿಸಿಯುಪಕರಣಗಳಿಂದ ಒಣಗಿಸಿ ನೆಟ್ಟಗೆ ಮಾಡುವುದು, ಬಣ್ಣ ಹಾಕುವ ರಾಸಾಯನಿಕಗಳು, ಇವುಗಳೇ ಅದಕ್ಕೆ ಕಾರಣ.

ಮೂರು ತಿಂಗಳ ಹಿಂದಿನ ಕಾರಣ

ದೇಹಕ್ಕೆ ದೊಡ್ಡದೊಂದು ಪೆಟ್ಟು ಬಿದ್ದಾಗ ಪ್ರಾಣರಕ್ಷಣೆಗೆ ಅವಶ್ಯವಲ್ಲದ ಕೆಲಸಗಳು ಹಿಂದೆ ಸರಿಯುತ್ತವೆ. ಕೂದಲು ಬೆಳೆಸುವುದು ಅಂಥ ಕೆಲಸಗಳಲ್ಲೊಂದು. ಆಗ ಬೆಳೆಯುತ್ತಿದ್ದ ರೋಮಕೂಪಗಳಲ್ಲಿ ಬಹಳಷ್ಟು ಅವಧಿಗೆ ಮುಂಚೆಯೇ ವಿಶ್ರಾಂತಿಗೆ ಹೋಗುತ್ತವೆ. ನೂರಕ್ಕೆ ಹತ್ತರ ಬದಲು ಮೂವತ್ತು ಕೂದಲು ವಿಶ್ರಾಂತಿಗೆ ಹೋಯಿತೆನ್ನಿ. ದಿನಕ್ಕೆ ನೂರರ ಬದಲು ಮುನ್ನೂರು ಉದುರಬೇಕಾಗುವುದು. ಆದರೆ ಅವು ಅಂದೇ ಉದುರುವುದಿಲ್ಲ, ಎರಡು ಮೂರು ತಿಂಗಳ ಮೇಲೆ ಉದುರುತ್ತವೆ. ಪೆಟ್ಟನ್ನು ನಾವು ಮರೆತ ಹೊತ್ತಿಗೆ ಕೂದಲು ಅದನ್ನು ನೆನಪಿಸುತ್ತದೆ. ಈ ಬಗೆಯ ಉದುರುವಿಕೆಯನ್ನು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ೧೯೬೧ರಲ್ಲಿ ಶಾಸ್ತ್ರೀಯವಾಗಿ ವಿವರಿಸಿ, ಟೆಲೊಜೆನ್ ಎಫ್ಲುವಿಯಂ ಎಂದು ಹೆಸರಿಟ್ಟನು.

ವಿಷಮಶೀತಜ್ವರ, ಮಲೇರಿಯಾ, ಡೆಂಗೆ ಮೊದಲಾದ ತೀವ್ರ ಜ್ವರಗಳು, ದೊಡ್ಡ ಶಸ್ತ್ರಚಿಕಿತ್ಸೆ, ರಕ್ತನಷ್ಟ, ಮೈ ಇಳಿಸಬೇಕೆಂದು ಕೈಗೊಂಡ ಕಠಿನ ಉಪವಾಸ, ಆಪ್ತರ ಮರಣದಂಥ ದುಃಖ, ಕೆಲವು ಔಷಧಗಳು, ಇವೆಲ್ಲ ಅಂಥ ಪೆಟ್ಟುಗಳೇ. ೨೦೨೧ರ ಬೇಸಗೆಯಲ್ಲಿ ಕೊರೋನಾ ಜ್ವರದಿಂದ ಎದ್ದ ಅನೇಕರು ಆಷಾಢ ಶ್ರಾವಣಗಳ ಹೊತ್ತಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತಿದೆಯೆಂದು ವೈದ್ಯರಲ್ಲಿಗೆ ಓಡಿದರು. ಕೊಳವೆಬಾವಿಯ ನೀರನ್ನೂ ಹೊಸ ಸಾಬೂನನ್ನೂ ದೂರಿದವರಿದ್ದರು. ಗಡುಸು ನೀರಿನಿಂದ ಕೂದಲು ಒರಟಾಗಬಹುದು ನಿಜ. ಆದರೆ ಚರ್ಮದೊಳಗಿನ ಬೇರಿಗೆ ಅದು ತಲಪುವುದಿಲ್ಲ. ಕಾರಣವಿದ್ದುದು ಚೈತ್ರ ವೈಶಾಖಗಳ ಜ್ವರದಲ್ಲಿ.

ಬಾಣಂತಿಯ ವಿಷಯವೂ ಹೀಗೆಯೇ. ಗರ್ಭಕಾಲದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಹೆಚ್ಚಾಗಿದ್ದು, ಉದುರಬೇಕಾದ ಕೂದಲನ್ನೂ ಬೆಳವಣಿಗೆಯಲ್ಲಿಯೇ ತಡೆದಿಡುತ್ತದೆ. ಬಸುರಿಯ ಜಡೆ ದಪ್ಪನಾಗಿ ಕಾಣುವುದು ಇದರಿಂದಲೇ. ಹೆರಿಗೆಯಾದೊಡನೆ ಆ ಹಾರ್ಮೋನು ಇಳಿಯುವುದು. ತಡೆದಿಟ್ಟ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಎರಡರಿಂದ ನಾಲ್ಕು ತಿಂಗಳೊಳಗಾಗಿ ಉದುರತೊಡಗುವುದು. ಮಗುವು ತಾಯಿಯ ಮುಖ ನೋಡಿ ನಗುವುದೂ ಅದೇ ಕಾಲ. ಅಜ್ಜಿಯ ಪಂಚಾಂಗ ತಪ್ಪಲಿಲ್ಲವೆಂಬುದು ಈಗ ವಾಚಕರಿಗೆ ಗೊತ್ತಾಗಿರಬಹುದು. ಹಾಲೂಡಿಸುವ ತಾಯಿಗೂ ಊಡಿಸದ ತಾಯಿಗೂ ಈ ಉದುರುವಿಕೆ ಬರುತ್ತದೆ. ಹಾಲು ಬಿಡಿಸಿದರೆ ಕೂದಲು ನಿಲ್ಲುವುದಿಲ್ಲ; ಮಗುವಿನ ಆಹಾರ ಮಾತ್ರ ನಿಲ್ಲುವುದು. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತಿರುವಾಗ, ಬಾಚಣಿಗೆಯನ್ನು ನೋಡಿ ಮಗುವಿನ ಹಾಲನ್ನು ಕಿತ್ತುಕೊಳ್ಳುವುದು ಎಂಥ ಅನ್ಯಾಯವೆಂಬುದನ್ನು ಹಿರಿಯರು ಯೋಚಿಸಬೇಕು. ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವುದರೊಳಗೆ ತಾಯಿಯ ಕೂದಲು ಮೊದಲಿನಂತಾಗುವುದು. ಹಣೆಯ ಅಂಚಿನಲ್ಲಿ ಬಾಚಣಿಗೆಗೆ ಬಗ್ಗದೆ ನಿಲ್ಲುವ ಮೋಟುಗೂದಲುಗಳೇ ಅದಕ್ಕೆ ಸಾಕ್ಷಿ.

ಎಣ್ಣೆಗೆ ಬರುವ ಕೀರ್ತಿ

ಇಲ್ಲಿಯೇ ಒಂದು ಮೋಸಕ್ಕೆ ಎಡೆಯುಂಟು. ಪೆಟ್ಟಿನಿಂದ ಉದುರಿದ ಕೂದಲು, ಕಾರಣ ನಿವಾರಣೆಯಾಗಿದ್ದರೆ, ಏನೂ ಮಾಡದಿದ್ದರೂ ಸುಮಾರು ಆರು ತಿಂಗಳೊಳಗೆ ನಿಲ್ಲುತ್ತದೆ. ಆ ಆರು ತಿಂಗಳಲ್ಲಿ ಸುಮ್ಮನೆ ಕುಳಿತಿರುವವರು ಯಾರು? ಒಂದು ಎಣ್ಣೆಯಾಯಿತು, ಎರಡನೆಯದಾಯಿತು, ಮೂರನೆಯದು ಹಿಡಿದಾಗ ಉದುರುವುದು ನಿಂತಿತು. ಕೀರ್ತಿಯೆಲ್ಲ ಮೂರನೆಯ ಸೀಸೆಗೆ! ಆಕೆ ಹತ್ತು ಜನರಿಗೆ ಹೇಳುತ್ತಾಳೆ. ಹತ್ತು ಮನೆಗಳಿಗೆ ಅದೇ ಸೀಸೆ ಬರುತ್ತದೆ. ಪತ್ರಿಕೆಗಳಲ್ಲಿಯೂ ಫೋನಿನಲ್ಲಿಯೂ ಬರುವ ಕೇಶತೈಲದ ಪ್ರಶಂಸಾಪತ್ರಗಳು ಸುಳ್ಳೇ ಆಗಿರಬೇಕಾದುದಿಲ್ಲ. ಬರೆದವರು ನಂಬಿಯೇ ಬರೆದಿರಬಹುದು. ಆದರೆ ಕಾಲವು ಮಾಡಿದ ಕೆಲಸವನ್ನು ಎಣ್ಣೆಯ ಲೆಕ್ಕಕ್ಕೆ ಬರೆದಿದ್ದಾರೆ.

ಹಾಗೆಂದು ಎಣ್ಣೆ ನಿಷ್ಪ್ರಯೋಜಕವೆಂದಲ್ಲ. ಕೊಬ್ಬರಿ ಎಣ್ಣೆಯು ಕೂದಲಿನ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಮತ್ತು ಬಾಚುವಾಗ ಆಗುವ ಸವೆತವನ್ನು ಕಡಮೆ ಮಾಡುವುದೆಂದು ೨೦೦೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಎಣ್ಣೆಯಿಂದ ಕೂದಲು ಮುರಿಯುವುದು ತಪ್ಪೀತು, ಹೊಳಪು ಬಂದೀತು. ಬೇರಿನ ವಿಶ್ರಾಂತಿಯನ್ನು ಮುರಿದು ಎಬ್ಬಿಸುವ ಶಕ್ತಿ ಮಾತ್ರ ಅದಕ್ಕಿಲ್ಲ. ಎಣ್ಣೆ ಹಚ್ಚುವುದು ಒಳ್ಳೆಯದು. ಮೂರು ನೂರು ರೂಪಾಯಿನ ಎಣ್ಣೆ ಮೂರು ಸಾವಿರದ್ದಾಗಬೇಕಾದುದಿಲ್ಲ. ಉದುರುವ ಭಯದಿಂದ ತಲೆ ತೊಳೆಯುವುದನ್ನೇ ಬಿಡುವುದೂ ತಪ್ಪು. ನೀರೆರೆದಾಗ ಬೀಳುವ ಕೂದಲು ಎರೆಯದಿದ್ದರೂ ಬೀಳತಕ್ಕದ್ದೇ.

ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬ ನಂಬಿಕೆಯೂ ಇದೇ ಜಾತಿಯದು. ದೇವರಿಗೆ ಮುಡಿ ಕೊಡುವುದು ಭಕ್ತಿಯ ವಿಷಯ, ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಕತ್ತಿಯು ಚರ್ಮದ ಮೇಲೆ ಓಡುವುದು, ಬೇರು ಚರ್ಮದ ಕೆಳಗಿರುವುದು. ಕ್ಷೌರದಿಂದ ಕೂದಲಿನ ಬೆಳವಣಿಗೆ ಬದಲಾಗುವುದಿಲ್ಲವೆಂದು ಅಮೆರಿಕದ ಮಿಲ್‌ಡ್ರೆಡ್ ಟ್ರಾಟರ್ ೧೯೨೮ರಲ್ಲಿಯೇ ಅಳೆದು ತೋರಿಸಿದಳು. ಮೊಂಡಾದ ತುದಿಗಳು ಒಟ್ಟಿಗೆ ಏಳುವುದರಿಂದ ದಪ್ಪವೆಂದು ತೋರುವುದಷ್ಟೆ.

ತಲೆಯ ಮೇಲಲ್ಲ, ರಕ್ತದಲ್ಲಿ

ಮೂರು ತಿಂಗಳ ಹಿಂದೆ ನೋಡಿದರೂ ಯಾವ ಜ್ವರವೂ ಹೆರಿಗೆಯೂ ಕಾಣದೆ, ಕೂದಲು ತಿಂಗಳಾನುಗಟ್ಟಲೆ ಉದುರುತ್ತಲೇ ಇದ್ದರೆ, ಪೆಟ್ಟು ಇನ್ನೂ ಬೀಳುತ್ತಲೇ ಇದೆಯೆಂದು ತಿಳಿಯಬೇಕು. ನಮ್ಮ ಹೆಂಗಸರಲ್ಲಿ ಇದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣಗಳಲ್ಲೊಂದು ಕಬ್ಬಿಣಾಂಶದ ಕೊರತೆ. ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭಾರತದ ೧೫ ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೪೮. ಮೆಟ್ಟಲು ಹತ್ತಿದರೆ ಏದುಸಿರು, ಸಂಜೆಯಾದರೆ ಸುಸ್ತು, ಬಿಳಿಚಿದ ಮುಖ, ತಿಂಗಳು ತಿಂಗಳೂ ಮಿತಿಮೀರಿದ ಸ್ರಾವ. ಇವನ್ನೆಲ್ಲ "ಹೆಂಗಸರಿಗೆ ಇದ್ದದ್ದೇ" ಎಂದು ಸಹಿಸಿಕೊಂಡವಳು ಕೂದಲುದುರಿದಾಗ ಮಾತ್ರ ಎಚ್ಚರಗೊಂಡು ಎಣ್ಣೆ ಕೊಳ್ಳುತ್ತಾಳೆ. ಆಕೆಗೆ ಬೇಕಾದುದು ರಕ್ತಪರೀಕ್ಷೆ. ಹಿಮೊಗ್ಲೋಬಿನ್ನಿನ ಜೊತೆಗೆ, ಶರೀರದಲ್ಲಿ ಕೂಡಿಟ್ಟ ಕಬ್ಬಿಣವನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ, ಥೈರಾಯ್ಡ್ ಗ್ರಂಥಿಯ ಪರೀಕ್ಷೆಯನ್ನೂ ವೈದ್ಯರು ಮಾಡಿಸುವುದುಂಟು. ಕೂದಲು ಇಲ್ಲಿ ರೋಗವಲ್ಲ, ರೋಗದ ಸುದ್ದಿ ತಂದ ದೂತ.

ಬಾಣಂತಿಯ ಪಥ್ಯದ ಬಗ್ಗೆ ಒಂದು ಮಾತು ಹೇಳದೆ ಬಿಡಲಾಗದು. ಸೊಪ್ಪು ತಂಪು, ಹಣ್ಣು ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು, ಹೆರಿಗೆಯಲ್ಲಿ ರಕ್ತ ಕಳೆದುಕೊಂಡು ಹಾಲನ್ನೂ ಊಡಿಸುತ್ತಿರುವ ಹೆಣ್ಣಿಗೆ ಬರಿಯ ಅನ್ನ ಮೆಣಸಿನ ಸಾರುಗಳನ್ನು ಹಾಕುವ ಮನೆಗಳು ಇನ್ನೂ ಇವೆ. ಇದು ತಿದ್ದಿಕೊಳ್ಳಬೇಕಾದ ಪದ್ಧತಿ. ನುಗ್ಗೆ, ದಂಟು, ಹರಿವೆ ಮೊದಲಾದ ಸೊಪ್ಪುಗಳು, ರಾಗಿ, ಹುರುಳಿ, ಹೆಸರು, ಕಡಲೆ, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಮಾಂಸ, ಇವೆಲ್ಲ ಆಕೆಗೆ ಬೇಕು. ಊಟದೊಡನೆ ನಿಂಬೆ ನೆಲ್ಲಿಗಳ ಹುಳಿಯಿದ್ದರೆ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತುವುದು. ಉಂಡೊಡನೆ ಕಾಫಿ ಚಹಾ ಕುಡಿದರೆ ಹತ್ತುವುದು ಕಡಮೆಯಾಗುವುದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಬಾಣಂತನದಲ್ಲಿಯೂ ನಿಲ್ಲಿಸಕೂಡದು.

ಆದರೆ ಕೊರತೆಯೇ ಇಲ್ಲದವರು "ಕೂದಲಿನ ಮಾತ್ರೆ"ಗಳನ್ನು ನುಂಗುವುದರಿಂದ ಲಾಭವಿಲ್ಲ. ಬಯೊಟಿನ್ ಎಂಬ ವಿಟಮಿನ್ನನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗಳ ಫಲವೇ ತಪ್ಪಾಗಿ ಬರಬಹುದು. ವಿಟಮಿನ್ ಎ ಮತ್ತು ಸೆಲೆನಿಯಂ ಮಿತಿಮೀರಿದರೆ ಅವೇ ಕೂದಲನ್ನು ಉದುರಿಸುತ್ತವೆ!

ಉದುರುವುದು ಬೇರೆ, ಸಣ್ಣಗಾಗುವುದು ಬೇರೆ

ಇಲ್ಲಿಯವರೆಗೆ ಹೇಳಿದ್ದು ಇಡೀ ತಲೆಯಿಂದ ಸಮನಾಗಿ ಉದುರುವುದನ್ನು. ಗಂಡಸರ ಹಣೆಯ ಎರಡು ಮೂಲೆಗಳೂ ನೆತ್ತಿಯೂ ಬೋಳಾಗುವುದು, ಹೆಂಗಸರ ಬೈತಲೆಯು ವರ್ಷದಿಂದ ವರ್ಷಕ್ಕೆ ಅಗಲವಾಗುವುದು ಬೇರೆಯೇ ಸಂಗತಿ. ಇಲ್ಲಿ ರೋಮಕೂಪಗಳು ವಂಶಗುಣದಿಂದಲೂ ಹಾರ್ಮೋನಿನಿಂದಲೂ ಕ್ರಮೇಣ ಕುಗ್ಗಿ, ಪ್ರತಿ ಸರದಿಯಲ್ಲಿಯೂ ಹಿಂದಿನದಕ್ಕಿಂತ ಸಣ್ಣ ಕೂದಲನ್ನು ಬೆಳೆಸುತ್ತವೆ. ಇದು ತಾಯಿಯ ತಂದೆಯಿಂದ ಮಾತ್ರ ಬರುವುದೆಂಬ ಮಾತು ಪೂರ್ತಿ ನಿಜವಲ್ಲ; ತಂದೆತಾಯಿಗಳಿಬ್ಬರ ಕಡೆಯಿಂದಲೂ ಬರುವುದು. ಇದು ತಾನಾಗಿ ಹಿಂತಿರುಗುವುದಿಲ್ಲ. ಬೇಗ ಚಿಕಿತ್ಸೆ ಮಾಡಿದರೆ ಉಳಿದುದನ್ನು ಉಳಿಸಿಕೊಳ್ಳಬಹುದು. ರಕ್ತದೊತ್ತಡಕ್ಕೆಂದು ಬಂದ ಮಿನಾಕ್ಸಿಡಿಲ್ ಎಂಬ ಔಷಧಿಯು ರೋಮ ಬೆಳೆಸುವುದೆಂದು ಕಂಡುಬಂದು, ೧೯೮೮ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚುವ ದ್ರವವಾಗಿ ಅನುಮತಿ ಪಡೆಯಿತು. ಹಚ್ಚಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗಬಹುದು. ಬಿಟ್ಟರೆ ಲಾಭವೂ ಹೋಗುವುದು. ಫಿನಾಸ್ಟರೈಡ್ ಎಂಬ ಮಾತ್ರೆ ೧೯೯೭ರಲ್ಲಿ ಗಂಡಸರ ಬೋಳುತಲೆಗೆಂದು ಬಂದಿತು. ಗರ್ಭದೊಳಗಿನ ಗಂಡುಶಿಶುವಿಗೆ ಹಾನಿಯಾಗಬಹುದಾದುದರಿಂದ ಗರ್ಭಿಣಿಯರು ಇದರ ಪುಡಿಯನ್ನು ಮುಟ್ಟಲೂ ಕೂಡದು. ಇವೆರಡನ್ನೂ ವೈದ್ಯರನ್ನು ಕೇಳದೆ ಬಳಸುವುದು ತರವಲ್ಲ.

ಇನ್ನೊಂದು ಬಗೆಯನ್ನು ನಾವೇ ಮಾಡಿಕೊಳ್ಳುತ್ತೇವೆ. ಹೆಣ್ಣುಮಗುವಿನ ಕೂದಲನ್ನು ಕಣ್ಣು ಮೇಲಕ್ಕೆಳೆಯುವಷ್ಟು ಬಿಗಿಯಾಗಿ ಹೆಣೆದು ದಿನವೂ ಶಾಲೆಗೆ ಕಳಿಸಿದರೆ, ಹಣೆಯ ಅಂಚಿನ ಮತ್ತು ಕಿವಿಯ ಮೇಲಿನ ಬೇರುಗಳು ವರ್ಷಾನುಗಟ್ಟಲೆ ಜಗ್ಗಿ ಸೋಲುತ್ತವೆ. ಆರಂಭದಲ್ಲಿ ಜಡೆ ಸಡಿಲಿಸಿದರೆ ಕೂದಲು ಮರಳುವುದು. ಬಹುಕಾಲ ಕಳೆದರೆ ಮರಳದು. ನೋಯುವ ಜಡೆ ಬಿಗಿಯಾದ ಜಡೆಯೆಂದು ತಾಯಂದಿರು ನೆನಪಿಡಬೇಕು.

ತಡಮಾಡದೆ ವೈದ್ಯರಿಗೆ ತೋರಿಸಬೇಕಾದವು

ನಾಣ್ಯದಂತೆ ದುಂಡಗೆ, ನುಣ್ಣಗೆ ಒಂದು ಕಡೆ ಕೂದಲು ಹೋದರೆ, "ಹುಳು ತಿಂದಿದೆ" ಎಂದು ಈರುಳ್ಳಿ ಬೆಳ್ಳುಳ್ಳಿಗಳನ್ನು ಉಜ್ಜಿ ಚರ್ಮ ಸುಡಿಸಿಕೊಳ್ಳಬೇಡಿ. ಅಲ್ಲಿ ಹುಳುವಿಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಪ್ರಮಾದದಿಂದ ರೋಮಕೂಪಗಳ ಮೇಲೆ ಬೀಳುವುದರಿಂದ ಹೀಗಾಗುವುದು. ಅನೇಕರಿಗೆ ತಾನಾಗಿ ವಾಸಿಯಾಗುವುದು, ಉಳಿದವರಿಗೆ ಚಿಕಿತ್ಸೆಯುಂಟು. ಮಗುವಿನ ತಲೆಯಲ್ಲಿ ಹೊಟ್ಟೆದ್ದು, ಕೆರೆತವಿದ್ದು, ಕೂದಲು ಬುಡದಲ್ಲೇ ಮುರಿದಿದ್ದರೆ ಅದು ಹುಳುಕಡ್ಡಿಯಿರಬಹುದು. ಒಬ್ಬರಿಂದೊಬ್ಬರಿಗೆ ಹರಡುವ ಇದಕ್ಕೆ ಮುಲಾಮು ಮಾತ್ರ ಸಾಲದು, ಹೊಟ್ಟೆಗೂ ಔಷಧ ಬೇಕು. ಕೂದಲು ಹೋದ ಜಾಗದಲ್ಲಿ ಉರಿ, ಕೀವು ಇದ್ದರೆ ಅಥವಾ ಚರ್ಮವು ಹೊಳೆಯುತ್ತ ಕೂಪಗಳ ಗುರುತೇ ಅಳಿಸಿದ್ದರೆ, ಒಂದು ವಾರವೂ ತಡಮಾಡಕೂಡದು. ಕಲೆಗಟ್ಟಿದ ಜಾಗದಲ್ಲಿ ಮತ್ತೆ ಕೂದಲು ಹುಟ್ಟದು. ತರುಣಿಯರಲ್ಲಿ ಕೂದಲುದುರುವುದರ ಜೊತೆಗೆ ಮುಟ್ಟು ಏರುಪೇರಾಗಿ ಮುಖದ ಮೇಲೆ ರೋಮ ಬೆಳೆದರೂ, ಆರು ತಿಂಗಳು ಕಳೆದರೂ ಉದುರುವುದು ನಿಲ್ಲದಿದ್ದರೂ ವೈದ್ಯರನ್ನು ಕಾಣಬೇಕು. ಯಾವುದಾದರೂ ಔಷಧದ ಮೇಲೆ ಸಂಶಯವಿದ್ದರೆ ತಾವಾಗಿ ಬಿಡದೆ, ಕೊಟ್ಟವರನ್ನೇ ಕೇಳಬೇಕು.

ಇಷ್ಟನ್ನೂ ನೆನಪಿಡುವುದು ಕಷ್ಟವಾದರೆ ಒಂದನ್ನು ಮಾತ್ರ ನೆನಪಿಡಿ. ಬಾಚಣಿಗೆಯಲ್ಲಿ ಕೂದಲು ಹೆಚ್ಚಾಗಿ ಕಂಡ ದಿನ ಅಂಗಡಿಗೆ ಹೋಗುವ ಮೊದಲು ಗೋಡೆಯ ಕ್ಯಾಲೆಂಡರಿನ ಬಳಿಗೆ ಹೋಗಿ, ಮೂರು ಹಾಳೆ ಹಿಂದಕ್ಕೆ ತಿರುವಿ ನೋಡಿ. ಅಲ್ಲಿ ಹೆರಿಗೆಯೋ ಜ್ವರವೋ ಶಸ್ತ್ರಚಿಕಿತ್ಸೆಯೋ ದುಃಖವೋ ಕಂಡರೆ ಸಮಾಧಾನದಿಂದ ಉಂಡು, ಮಲಗಿ, ಆರು ತಿಂಗಳು ಕಾಯಿರಿ. ಏನೂ ಕಾಣದಿದ್ದರೆ ರಕ್ತವನ್ನು ಪರೀಕ್ಷಿಸಿರಿ. ಎರಡು ಸಂದರ್ಭಗಳಲ್ಲಿಯೂ ಮಗುವಿನ ಹಾಲನ್ನು ಮಾತ್ರ ನಿಲ್ಲಿಸಬೇಡಿ. ತವರಿನಲ್ಲಿ ಕಣ್ಣೀರು ತುಂಬಿಕೊಂಡು ನಿಂತ ಆ ಮಗಳಿಗೆ ಬೇಕಾದುದು ಹೊಸ ಸೀಸೆಯಲ್ಲ. ಒಂದು ತಟ್ಟೆ ಸೊಪ್ಪಿನ ಹುಳಿ, ರಾತ್ರಿ ಮಗುವನ್ನು ಎತ್ತಿಕೊಂಡು ಆಕೆಗೆ ನಾಲ್ಕು ಗಂಟೆ ನಿದ್ರೆ ಕೊಡುವ ಎರಡು ಕೈಗಳು, ಮತ್ತು "ಆಮೇಲೆ ಬಂತು" ಎಂದ ಅಜ್ಜಿಯ ಮಾತು.